ಏಡಿಗಳ ಚಾಂದ್ರಮಾನ

ಮನುಷ್ಯ ಹೊಟ್ಟೆಪಾಡಿಗೆ ಏನನ್ನು ಬೇಕಾದರೂ ಓದಬಹುದು, ಆದರೆ ಓದಿದ್ದನ್ನು ನೆಂಟರ ಮುಂದೆ ಧೈರ್ಯವಾಗಿ ಹೇಳುವಂತಿರಬೇಕು. ಇದು ನನಗೆ ತೀರ ತಡವಾಗಿ ತಿಳಿಯಿತು. ಲಾಯರು, ಡಾಕ್ಟರು, ಅಮಲ್ದಾರರು ಎಂದರೆ ಮದುವೆ ಮನೆಯಲ್ಲಿ ಕರೆದು ಮೊದಲ ಪಂಕ್ತಿಯಲ್ಲಿ ಕೂರಿಸುತ್ತಾರೆ. ನಾನು ಓದಿದ್ದು ಪ್ರಾಣಿಶಾಸ್ತ್ರ. ಅದರಲ್ಲೂ ಏಡಿ, ಸೀಗಡಿಯಂಥ ಚಿಪ್ಪಿನ ಜೀವಿಗಳು. ಹೆಣ್ಣು ನೋಡಲು ಹೋದಾಗ "ಹುಡುಗನಿಗೆ ಏನು ಕೆಲಸ?" ಎಂದು ಕೇಳಿದರೆ ನಮ್ಮಮ್ಮ "ಕಾಲೇಜಿನಲ್ಲಿ ಲೆಕ್ಚರರು" ಎಂದು ಹೇಳಿ, ಮುಂದಿನ ಪ್ರಶ್ನೆ ಬರುವ ಮೊದಲೇ ಕೇಸರಿಭಾತನ್ನು ಹೊಗಳಲು ಶುರುಮಾಡುತ್ತಿದ್ದಳು. ಒಂದು ಕಡೆ ಮಾತ್ರ ಹುಡುಗಿಯ ತಾತ ಬಿಡದೆ ಕೆದಕಿ ಕೇಳಿದರು. ಉತ್ತರ ಸಿಕ್ಕಿದ ಮೇಲೆ ನನ್ನ ಕೈಗಳನ್ನೇ ಸ್ವಲ್ಪ ಹೊತ್ತು ನೋಡಿ, ನನ್ನ ಹತ್ತಿರವಿದ್ದ ನೀರಿನ ಚೊಂಬನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು. ಆ ಸಂಬಂಧ ಅಲ್ಲಿಗೇ ಮುಗಿಯಿತು.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದ ಕಾಲ. ಒಂಟಿಕೊಪ್ಪಲಿನ ಒಂದು ಬಾಡಿಗೆ ಮನೆಯಲ್ಲಿ ನಾನು, ಅಮ್ಮ ಇಬ್ಬರೇ ಇದ್ದೆವು. ಆಗ ಕಾಲೇಜಿನಲ್ಲಿ ರೀಡರ್ ಹುದ್ದೆಯೊಂದು ಖಾಲಿಯಾಯಿತು. ಅದರ ಮೇಲೆ ನನಗೂ ಕಣ್ಣಿತ್ತು, ಸೊಳ್ಳೆಗಳ ಮೇಲೆ ಕೆಲಸ ಮಾಡುತ್ತಿದ್ದ ನನ್ನ ಸಹೋದ್ಯೋಗಿಗೂ ಇತ್ತು. ಅವನಿಗೊಂದು ಅನುಕೂಲ: ಅವನ ಪ್ರಾಣಿಗಳು ತಾವಾಗಿಯೇ ಅವನನ್ನು ಹುಡುಕಿಕೊಂಡು ಬರುತ್ತಿದ್ದವು. ನಾನಾದರೋ ಪಂಚೆ ಎತ್ತಿ ಕಟ್ಟಿ ಕಡಕೊಳದ ಕಡೆಯ ಗದ್ದೆ ಬದುಗಳಲ್ಲಿ ಬಿಲಕ್ಕೆ ಕೈ ಹಾಕಬೇಕಿತ್ತು. ನಮ್ಮ ಪ್ರೊಫೆಸರು ಪುಟ್ಟೇಗೌಡರು ಆ ಕಡೆಯ ರೈತರ ಮನೆಯವರೇ. ವಿಲಾಯಿತಿಗೆ ಹೋಗಿ ಬಂದರೂ ಊರ ಮಾತು ಬಿಟ್ಟವರಲ್ಲ. "ಒಳ್ಳೇ ಪ್ರಬಂಧ ಒಂದನ್ನ ಕಲ್ಕತ್ತೆ ಸಮ್ಮೇಳನದಲ್ಲಿ ಓದ್ಬುಡಿ ಶಾಮರಾಯ್ರೇ, ಮಿಕ್ಕಿದ್ದು ನಂಗೆ ಬುಡಿ" ಎಂದಿದ್ದರು. ಆದರೆ ಏಡಿಗಳನ್ನು ಕಾಲೇಜಿನಲ್ಲಿ ಇಟ್ಟುಕೊಳ್ಳುತ್ತೇನೆ ಎಂದಾಗ ಸುತರಾಂ ಒಪ್ಪಲಿಲ್ಲ. "ನಮ್ಮವ್ವ ಮಾಡ್ತಿದ್ದ ಏಡಿ ಸಾರು ಉಂಡು ಬೆಳೆದೋನು ಕಣ್ರೀ ನಾನು. ಇವು ದಿನಾ ಕಣ್ಮುಂದೆ ಇಂಗೆ ಓಡಾಡ್ತಿದ್ರೆ ನನ್ನ ಮೇಲೆ ನಂಗೇ ನಂಬ್ಕೆ ಇಲ್ಲ. ನಿಮ್ಮನೇಗೆ ತಗೊಂಡೋಗಿ, ಅಲ್ಲಾದ್ರೆ ಕ್ಷೇಮವಾಗಿರ್ತವೆ" ಎಂದರು.

ಹಾಗೆ ಆರು ಏಡಿಗಳು ನಮ್ಮ ಹಿತ್ತಲಿನ ಕಲ್ಲುಬಾನಿಗೆ ಬಂದವು. ಅಮ್ಮ ಹೌಹಾರಿದಳು. "ನನ್ನ ಮಡಿನೀರಿನ ಹತ್ತಿರ ಅವು ಸುಳಿದರೆ ಕಾಶಿಗೆ ಹೊರಟುಹೋಗ್ತೀನಿ ನೋಡು" ಎಂದಳು. ಕಡೆಗೆ ಒಂದು ಒಪ್ಪಂದವಾಯಿತು: ಎರೆಹುಳು, ಮಾಂಸ ಯಾವುದೂ ಮನೆಯೊಳಗೆ ಬರಕೂಡದು. ಏಡಿ ಸಿಕ್ಕಿದ್ದನ್ನೆಲ್ಲ ತಿನ್ನುವ ಪ್ರಾಣಿ. ನೆನೆಸಿದ ಕಡಲೆಕಾಳನ್ನು ಮೊದಮೊದಲು ಮೂಸಿ ನೋಡಿ ಸುಮ್ಮನಾದರೂ ಆಮೇಲೆ ಒಗ್ಗಿಕೊಂಡಿತು. ನಾನು ಬೆಳಗ್ಗೆ ಕಾಳು ತೂಗಿ ಹಾಕಿ ಕಾಲೇಜಿಗೆ ಹೋಗುವುದು, ಸಂಜೆ ಬಂದು ಉಳಿದದ್ದನ್ನು ತೂಗುವುದು, ಹೀಗೆ ನಡೆಯಿತು. ಕೆಲವು ವಾರಗಳಾದ ಮೇಲೆ ಅಮ್ಮ ಬಾನಿಯ ಪಕ್ಕದಲ್ಲಿ ಕೂತು ಹೂ ಕಟ್ಟತೊಡಗಿದಳು. "ಆ ದೊಡ್ಡದಕ್ಕೆ ಬುದ್ಧಿ ಇದೆ ಕಣೋ, ನಾನು ಸ್ತೋತ್ರ ಹೇಳ್ತಿದ್ರೆ ಹೊರಗೆ ಬರುತ್ತೆ" ಎನ್ನುತ್ತಿದ್ದಳು. ತಾಯಂದಿರು ಇಂಥ ಮಾತು ಆಡುವುದು ಇದ್ದದ್ದೇ ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಷ್ಟರಲ್ಲಿ ಒಂದು ಪವಾಡ ಕಂಡಿತು. ಕೆಲವು ದಿನಗಳಲ್ಲಿ ಆರು ಏಡಿಗಳೂ ಕಾಳನ್ನು ಮುಟ್ಟುತ್ತಲೇ ಇರಲಿಲ್ಲ. ಮಾರನೆಯ ದಿನ ಎರಡು ಪಟ್ಟು ತಿನ್ನುತ್ತಿದ್ದವು. ಕಾಯಿಲೆಯೇ ಎಂದು ನೋಡಿದರೆ ಅಲ್ಲ. ಲೆಕ್ಕ ಹಾಕಿದೆ. ಹುಣ್ಣಿಮೆಗೆ ನಾಲ್ಕು ದಿನ ಮುಂಚೆ ಒಂದು ಸಲ, ಅಮಾವಾಸ್ಯೆಗೆ ನಾಲ್ಕು ದಿನ ಮುಂಚೆ ಇನ್ನೊಂದು ಸಲ, ತಪ್ಪದೆ! ಸಮುದ್ರದ ಏಡಿಗಳು ಚಂದ್ರನ ಲೆಕ್ಕ ಇಟ್ಟುಕೊಳ್ಳುವುದು ಗೊತ್ತಿದ್ದದ್ದೇ, ಅವಕ್ಕೆ ಉಬ್ಬರ ಇಳಿತ ಉಂಟು. ಆದರೆ ಸಮುದ್ರವನ್ನೇ ಕಾಣದ ಕಡಕೊಳದ ಏಡಿ ಚಂದ್ರನನ್ನು ನೋಡಿ ಊಟ ಬಿಡುವುದೆಂದರೇನು? ಎಂದೋ ಸಮುದ್ರದಲ್ಲಿದ್ದ ಪೂರ್ವಜರ ನೆನಪು ಅದರ ರಕ್ತದಲ್ಲಿ ಉಳಿದಿದೆ ಎಂದು ಪ್ರಬಂಧ ಬರೆದೇಬಿಟ್ಟೆ. ಕಲ್ಕತ್ತೆಗೆ ಶೀರ್ಷಿಕೆಯೂ ಹೋಯಿತು. ಆಗಲೇ ಮನಸ್ಸಿನಲ್ಲಿ ರೀಡರ್ ಆಗಿ, ಹೊಸ ಕೋಟಿಗೆ ಅಳತೆ ಕೊಟ್ಟು, ಚೊಂಬು ಎಳೆದುಕೊಂಡ ಆ ತಾತನ ಬೀದಿಯಲ್ಲಿ ಎರಡು ಸುತ್ತು ಹಾಕಿಯೂ ಆಗಿತ್ತು.

"ಕಣ್ಣಾರೆ ನೋಡ್ದೆ ನಾನು ರುಜು ಆಕಾಕಿಲ್ಲ" ಎಂದರು ಗೌಡರು. ಮುಂದಿನ ಉಪವಾಸದ ದಿನವನ್ನು ನಾನೇ ಲೆಕ್ಕ ಹಾಕಿ ಅವರನ್ನು ಮನೆಗೆ ಕರೆದೆ. ಬೆಳಗ್ಗೆಯೇ ಬಂದು ಬಾನಿಯ ಪಕ್ಕದ ಒಗೆಯುವ ಕಲ್ಲಿನ ಮೇಲೆ ಕೂತರು. ಅಮ್ಮ ಯಾಕೋ ಕೈಯಲ್ಲೊಂದು ಜಾಲರಿ ಸೌಟು ಹಿಡಿದು ಅಡುಗೆಮನೆಗೂ ಹಿತ್ತಲ ಬಾಗಿಲಿಗೂ ಚಡಪಡಿಸುತ್ತ ಓಡಾಡುತ್ತಿದ್ದಳು. "ನೋಡಿ ಸಾರ್, ಇವತ್ತು ಒಂದು ಕಾಳೂ ಮುಟ್ಟೋದಿಲ್ಲ" ಎಂದು ನಾನು ಹಿಡಿ ಕಾಳು ಹಾಕಿದೆ.

ಹಾಕಿದ್ದೇ ತಡ, ಅಡಗಿಕೊಳ್ಳಲೆಂದು ಬಾನಿಯೊಳಗೆ ಇಟ್ಟಿದ್ದ ಹೆಂಚಿನ ಸಂದಿಯಿಂದ ಆರೂ ನುಗ್ಗಿ ಬಂದವು. ದೊಡ್ಡದು ಎರಡೂ ಕೊಂಡಿಯಲ್ಲಿ ಬಾಚಿ ಬಾಚಿ ತಿನ್ನತೊಡಗಿತು.

"ಅಯ್ಯೋ ರಾಮ! ಏಕಾದಶಿ ದಿನ ತಿಂದ್ಬಿಟ್ಟವಲ್ಲೋ!" ಎಂದು ಅಮ್ಮ ಸೌಟು ಹಿಡಿದು ಓಡಿ ಬಂದಳು.

"ಏಕಾದಶಿಗೂ ಇವಕ್ಕೂ ಏನಮ್ಮ ಸಂಬಂಧ?"

ಅಮ್ಮ ಗೌಡರ ಮುಖ ನೋಡಿ ಸೆರಗು ಸರಿಮಾಡಿಕೊಂಡಳು. "ನೀವೇ ಹೇಳಿ ಗೌಡರೇ. ಇವನಿಗೆ ದೊಡ್ಡ ಕೆಲಸ ಆಗಲಿ, ಮಗ ಏಕಾದಶಿ ಉಪವಾಸ ಮಾಡ್ತಾನೆ ಅಂತ ಹರಕೆ ಹೊತ್ತೆ. ಇವನ ಕೈಲಿ ಆಗುತ್ತಾ? ಅನ್ನ ಇಲ್ಲದಿದ್ದರೆ ಉಪ್ಪಿಟ್ಟಾದರೂ ಬೇಕೇ ಬೇಕು. ಇವನ ಅನ್ನ ತಿನ್ನೋ ಪ್ರಾಣಿಗಳಲ್ವಾ, ಇವನ ಪರವಾಗಿ ಅವಾದ್ರೂ ಮಾಡಲಿ ಅಂತ, ಇವನು ಅತ್ತ ಹೋದ ಕೂಡಲೆ ಕಾಳು ತೆಗೆದಿಟ್ಟು, ಬರೋ ಹೊತ್ತಿಗೆ ಹಾಕಿಡ್ತಿದ್ದೆ. ದ್ವಾದಶಿ ದಿನ ಪಾಪ, ಹಸಿದು ಎರಡು ದಿನದ್ದೂ ಸೇರಿಸಿ ತಿಂತಿದ್ವು."

ಗೌಡರು ನಕ್ಕ ನಗೆಗೆ ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. ನಾನು ನಗಲಿಲ್ಲ. ಅಳು ಬರುವಂತಾಗಿತ್ತು. ಅಮ್ಮನ ಮೇಲೆ ರೇಗಬೇಕೆಂದು ಬಾಯಿ ತೆರೆದವನು, ಸೌಟು ಹಿಡಿದು ನಿಂತಿದ್ದ ಆ ಕೈ ನೋಡಿ ಬಾನಿಯ ಕಡೆ ತಿರುಗಿದೆ. ಅವಳು ಗೌಡರಿಗೆ ತಟ್ಟೆಯಲ್ಲಿ ಉಪ್ಪಿಟ್ಟು ತಂದುಕೊಟ್ಟಳು. ಗೌಡರು ಒಂದು ತುತ್ತು ತಿಂದು ನನ್ನ ಕಡೆ ತಿರುಗಿದರು.

"ಅಲ್ರೀ, ಆಗಾಗ ಕಾಲೇಜಿಗೆ ಡಬ್ಬೀಲಿ ಇದನ್ನೇ ತರ್ತಿದ್ರಲ್ಲ, ಯಾಕೆ ಅಂತ ಒಂದಿನಾನೂ ಯೋಚ್ನೆ ಬರ್ಲಿಲ್ವಾ?"

"ಬಂದಿತ್ತು ಸಾರ್. ಮನೇಲಿ ಅಕ್ಕಿ ಮುಗಿದಿರಬೇಕು ಅಂದ್ಕೊಂಡಿದ್ದೆ."

ಪ್ರಬಂಧವನ್ನು ಹಿಂದಕ್ಕೆ ತೆಗೆದುಕೊಂಡೆ. ಹುದ್ದೆ ಸೊಳ್ಳೆಯವನಿಗೆ ಹೋಯಿತು. ಏಡಿಗಳನ್ನು ಗೌಡರೇ, ಗದ್ದೆಗೆ ಬಿಡುತ್ತೇನೆಂದು ಹೇಳಿ ತೆಗೆದುಕೊಂಡು ಹೋದರು. ಬಿಟ್ಟರೋ ಇಲ್ಲವೋ ಕೇಳುವ ಧೈರ್ಯ ನನಗಾಗಲಿಲ್ಲ. ಮಾರನೆಯ ದಿನ ಮಾತ್ರ ಅವರು ಬಹಳ ಲವಲವಿಕೆಯಿಂದ ಪಾಠ ಮಾಡಿದರು.

ಮುಂದಿನ ಏಕಾದಶಿಯ ಬೆಳಗ್ಗೆ ಎಂದಿನಂತೆ ತಟ್ಟೆಯ ಮುಂದೆ ಕೂತೆ. ಒಲೆಯ ಮೇಲೆ ಏನೂ ಇರಲಿಲ್ಲ. "ಉಪ್ಪಿಟ್ಟು?" ಎಂದೆ.

"ಅವು ಹೋದ್ವಲ್ಲಪ್ಪ, ಇನ್ನು ಹರಕೆ ತೀರಿಸೋರು ಯಾರು?" ಎಂದು ಅಮ್ಮ ನನ್ನ ಮುಂದಿನ ಖಾಲಿ ತಟ್ಟೆಯನ್ನೂ ಎತ್ತಿಕೊಂಡು ಹೋದಳು.

ಅಂದಿನಿಂದ ಆ ಮನೆಯಲ್ಲಿ ಏಳನೆಯ ಪ್ರಾಣಿಯ ಮೇಲೆ ಪ್ರಯೋಗ ಮುಂದುವರಿದಿದೆ. ಹುಣ್ಣಿಮೆಗೆ ನಾಲ್ಕು ದಿನ ಮುಂಚೆ ಅದು ಏನನ್ನೂ ಮುಟ್ಟುವುದಿಲ್ಲ. ಮಾರನೆಯ ದಿನ ಎರಡು ಪಟ್ಟು ತಿನ್ನುತ್ತದೆ.