ಮಗ್ಗುಲಾಗಿ ಕೂತ ದುರ್ಬೀನು

ಬಟ್ಟೆ ಗಿರಣಿಯ ಮೊದಲ ಭೋಂಗಾ ಕೂಗುವಷ್ಟರಲ್ಲಿ ನೀಲಗಂಗಾ ನಳದ ನೀರು ಹಿಡಿದು ಮೂರು ಹಂಡೆ ತುಂಬಿಸಿದ್ದಳು. ಅಂಗಳ ಗುಡಿಸಿ ನೀರು ಹೊಡೆದಿದ್ದಳು. ಬಂಬಿಗೆ ಇದ್ದಿಲು ಸುರಿದು ಸ್ನಾನದ ನೀರು ಕಾಯಲು ಬಿಟ್ಟಿದ್ದಳು. ಅತ್ತೆಯ ಲಿಂಗಪೂಜೆಗೆ ಪತ್ರಿ, ಹೂವು, ವಿಭೂತಿ ಅಣಿಮಾಡಿಟ್ಟಿದ್ದಳು. ರಾತ್ರಿಯ ಪಾತ್ರೆಗಳನ್ನೆಲ್ಲ ಬೂದಿ ಹಚ್ಚಿ ತಿಕ್ಕಿದ್ದಳು. ಮನೆಮಂದಿಯ ಬಟ್ಟೆ ಸೋಡಾದಲ್ಲಿ ನೆನೆಹಾಕಿದ್ದಳು. ಬೀಸುವ ಕಲ್ಲಿನ ಮುಂದೆ ಕಾಲು ಚಾಚಿ ಕೂತು ದಿನದ ರೊಟ್ಟಿಗಾಗುವಷ್ಟು ಜೋಳ ಬೀಸಿ, ಆಮೇಲೆ ದುರ್ಬೀನಿಗಾಗುವಷ್ಟು ಜೋಳವನ್ನೂ ಬೀಸಿದ್ದಳು. ಸೂರ್ಯನಿಗೆ ಇನ್ನೂ ಎಚ್ಚರವಾಗಿರಲಿಲ್ಲ. ಅವಳ ಗಂಡನಿಗೂ!

ದುರ್ಬೀನಿಗೆ ಜೋಳವೇಕೆ ಎಂದು ಕೇಳುತ್ತೀರಾ? ತಡೆಯಿರಿ, ಹೇಳುತ್ತೇನೆ.

ಆಕೆಯ ಗಂಡ ಸಾತಲಿಂಗಪ್ಪನವರು ಸೊಲ್ಲಾಪುರದ ಚಾದರ ವ್ಯಾಪಾರಿ. ಅವರ ಬಳಿ ಒಂದು ಛರ್ರಾ ಬಂದೂಕು ಇತ್ತು. ನಳಿಗೆ ಮುರಿದು, ಒಳಗೆ ಜೋಳದ ಕಾಳಿನಷ್ಟು ಸೀಸದ ಗುಂಡು ಇಟ್ಟು, ಗಾಳಿಯ ಒತ್ತಡದಿಂದ ಹೊಡೆಯುವಂಥದು. ಅಕ್ಕಲಕೋಟದ ವ್ಯಾಪಾರಿ ಮಂಡಳದವರು ಪ್ರತಿವರ್ಷ ದೀಪಾವಳಿ ಮುಗಿದ ಮೇಲೆ ಗುರಿ ಹೊಡೆಯುವ ಸ್ಪರ್ಧೆ ನಡೆಸುತ್ತಿದ್ದರು. ಹಿಂದಿನ ವರ್ಷ ನಮ್ಮ ಸಾಹುಕಾರರು ಹೊಡೆದ ಐದು ಗುಂಡುಗಳಲ್ಲಿ ಒಂದು ಹಲಗೆಯ ಅಂಚಿಗೆ ತಗುಲಿತ್ತು. ಉಳಿದ ನಾಲ್ಕು ಎಲ್ಲಿ ಹೋದವೆಂದು ಆ ಶಿವನಿಗೇ ಗೊತ್ತು.

೧೯೭೮ರ ದಸರೆಗೆ ವಾರವಿದ್ದಾಗ, ಊಟದ ತಾಟಿನ ಮುಂದೆ ಕೂತು ಅವರು ಘೋಷಿಸಿದರು:

"ಈ ಸಲ ಬೆಳ್ಳಿ ಕಪ್ ಈ ಮನಿಗೇ ಬರತದ! ಬರೆದಿಟ್ಟುಕೋ!"

"ಹೋದ ಸಲ ನಾಕ ಗುಂಡು ಹಲಗಿಗೂ ಹತ್ತಲಿಲ್ಲಲ್ಲರಿ," ಎಂದಳು ನೀಲಗಂಗಾ, ಬಿಸಿ ರೊಟ್ಟಿ ಬಡಿಸುತ್ತ.

"ಕೈಯಾಗ ತಪ್ಪಿಲ್ಲ, ಕಣ್ಣಿನಾಗ ಅದ. ಬಂದೂಕಿಗೆ ದುರ್ಬೀನ್ ಕೂಡಿಸಿದೆ ಅಂದ್ರ ಮುಗೀತು. ಆದರ ಹುಚ್ಚರ ಹಂಗ ರೊಕ್ಕ ಚೆಲ್ಲೂ ಮನುಷ್ಯಾ ನಾ ಅಲ್ಲ. ಬಜೆಟ್ಟಿನಾಗ ತಗೋತೀನಿ!"

ಆಯ್ಕೆಗೆ ಮೂರು ದುರ್ಬೀನುಗಳಿದ್ದವು. ಮುಂಬೈ ಅಂಗಡಿಯ ಹೊಸ ಮಾಲು ಒಂದು. ಅದರ ಬೆಲೆ ಕೇಳಿಯೇ ಸಾಹುಕಾರರಿಗೆ ಬಿಕ್ಕಳಿಕೆ ಬಂತು. ಅಕ್ಕಲಕೋಟದ ನಿವೃತ್ತ ಸುಬೇದಾರರೊಬ್ಬರ ಬಳಿ ಚರ್ಮದ ಚೀಲದಲ್ಲಿದ್ದ ಜರ್ಮನ್ ದುರ್ಬೀನು ಎರಡನೆಯದು. ಅದರ ಬೆಲೆಗೆ ಬಿಕ್ಕಳಿಕೆ ನಿಂತು ಉಸಿರೇ ಸಿಕ್ಕಿಕೊಂಡಿತು. ಮೂರನೆಯದನ್ನು ಧೂಳಪ್ಪ ಮನೆಗೇ ಹೊತ್ತು ತಂದ. ಗಡಿಯಾರ ರಿಪೇರಿ ಮಾಡುತ್ತ ಹಳೆಯ ಸಾಮಾನು ಮಾರುವ ಧೂಳಪ್ಪನ ನಾಲಗೆ ಅವನ ಯಾವ ಗಡಿಯಾರಕ್ಕಿಂತಲೂ ಜೋರಾಗಿ ಓಡುತ್ತಿತ್ತು.

"ನಾಕ ಪಟ್ಟು ದೊಡ್ಡದ ಕಾಣತದ ಸಾವ್ಕಾರ್ರ! ಗಾಜಿನಾಗ ಒಂದು ಗೀರು ಅದ, ಅದನ್ನ ವಜಾ ಮಾಡಿ ನೋಡ್ರಿ."

ಸಾತಲಿಂಗಪ್ಪನವರು ಅದನ್ನು ಚಾದರದಂತೆ ಗೇಣು ಹಾಕಿ ಅಳೆದರು. ಅಂಗೈ ಮೇಲಿಟ್ಟು ತೂಗಿ ನೋಡಿದರು. ಮಾಳಿಗೆ ಹತ್ತಿ ಮೂರು ಓಣಿಯಾಚೆ ಒಣಹಾಕಿದ್ದ ಮೆಣಸಿನಕಾಯಿಯ ತೊಟ್ಟನ್ನು ಕಂಡರು. "ವಾಹ್! ಉದ್ದನೂ ಇದs ಹೆಚ್ಚು, ಸೋವಿನೂ ಇದs!" ಎಂದು ತೀರ್ಪಿತ್ತರು.

ಧೂಳಪ್ಪ ಚಹಾ ಕುಡಿದು ಹೋದ ಮೇಲೆ ಬಜೆಟ್ ಮಂಡನೆಯಾಯಿತು.

"ದುಕಾನಿನ ರೊಕ್ಕ ಮುಟ್ಟೂ ಹಂಗಿಲ್ಲ. ಮನಿ ಖರ್ಚಿನಾಗ ಕಾಟಕಸರ್ ಮಾಡೂದು. ನಾಳಿಯಿಂದ ಮುಕ್ತಾಬಾಯಿ ಬ್ಯಾಡ. ಜೋಳ ಹಿಟ್ಟಿನ ಗಿರಣಿಗೆ ಹೋಗೂದು ಬ್ಯಾಡ."

ಮುಕ್ತಾಬಾಯಿ ಪಾತ್ರೆ ತಿಕ್ಕಿ ಬಟ್ಟೆ ಒಗೆದು ಹೋಗುವ ಹೆಂಗಸು. ಒಂಬತ್ತು ವರ್ಷದಿಂದ ಬರುತ್ತಿದ್ದಳು.

"ಮತ್ತ ಭಾಂಡಿ ಯಾರು ತಿಕ್ಕಬೇಕರಿ? ಜೋಳ ಯಾರು ಬೀಸಬೇಕು?"

ಸಾಹುಕಾರರು ಈ ಪ್ರಶ್ನೆಗೆ ನಿಜಕ್ಕೂ ಬೆರಗಾದರು. "ನೀ ಇದ್ದೀಯಲ್ಲ!"

ಒಳಗಿನಿಂದ ಅತ್ತೆ ಕಸ್ತೂರಬಾಯಿಯ ಧ್ವನಿ ತೇಲಿಬಂತು: "ನಾವೇನು ಬೀಸಲಿಲ್ಲೇನ ಯವ್ವಾ? ನಿನ ಗಂಡ ಹೊಟ್ಯಾಗಿದ್ದಾಗ ಪಾಯಲಿಗಟ್ಟಲೆ ಬೀಸೀನಿ!"

ಅದಕ್ಕೇ ಇರಬೇಕು ಇವರ ತಲೆ ಹೀಗೆ ತಿರುಗುತ್ತದೆ ಎಂದು ನೀಲಗಂಗಾ ಮನಸ್ಸಿನಲ್ಲೇ ಅಂದುಕೊಂಡಳು. ಬಾಯಲ್ಲಿ ಕೇಳಿದ್ದು ಇಷ್ಟೇ: "ಎಲ್ಲಿತನಕ?"

"ಬೋಣಿಗಿ ಆಗೂತನಕ. ನಟ್ಟನಡುವ ಒಂದು ಗುಂಡು ಬೀಳಲಿ, ಮರುದಿನಾನs ಮುಕ್ತಾಬಾಯಿನ್ನ ಕರೀತೀನಿ. ವ್ಯಾಪಾರಸ್ಥನ ಮಾತು!"

ದಸರೆ ಬಂತು. ಆ ಮನೆಯ ಪದ್ಧತಿಯೆಂದರೆ, ಅಂಗಡಿಗೆ ಹೊಸ ತಕ್ಕಡಿ ಬಂದರೆ ಪೂಜೆ ಮಾಡಿ, ಮೊದಲ ಬೋಣಿಗೆ ಆಗುವ ತನಕ ಅದರ ಒಂದು ಸರಪಳಿಯನ್ನೂ ಸಡಿಲಿಸುವಂತಿಲ್ಲ. ಸಡಿಲಿಸಿದರೆ ಲಕ್ಷ್ಮಿ ಎದ್ದು ಹೋಗುತ್ತಾಳಂತೆ. ಬಂದೂಕನ್ನೂ ತಕ್ಕಡಿಯ ಪಕ್ಕದಲ್ಲಿಟ್ಟು ಪೂಜೆಗೆ ಅಣಿಮಾಡಲಾಯಿತು. ದುರ್ಬೀನಿಗೆ ಎರಡು ತಿರುಗಣೆಗಳಿದ್ದವು. ನೆತ್ತಿಯ ಮೇಲಿನದು ಗುರಿಯನ್ನು ಮೇಲೆ-ಕೆಳಗೆ ಸರಿಸಲು. ಬಲ ಮಗ್ಗುಲಿನದು ಎಡ-ಬಲಕ್ಕೆ ಸರಿಸಲು. ಕಸ್ತೂರಬಾಯಿ ವಿಭೂತಿ ಹಚ್ಚಿ ಚೆಂಡು ಹೂವು ಇಟ್ಟರೆ, ನೆತ್ತಿಯ ತಿರುಗಣೆಗೆ ತಾಗಿ ಹೂವು ಉರುಳಿ ಬಿತ್ತು. ಮತ್ತೆ ಇಟ್ಟರು. ಮತ್ತೆ ಬಿತ್ತು.

"ಹೂವ ನಿಂದರವಲ್ಲದಲ್ಲೋ ಸಾತಲಿಂಗಾ! ಅಪಶಕುನ!"

"ತಡಿ ಯವ್ವಾ!" ಎಂದು ಮಗ ದುರ್ಬೀನಿನ ಹಿಡಿಕೆ ಸಡಿಲಿಸಿ, ಇಡೀ ಕೊಳವೆಯನ್ನೇ ಬಲಕ್ಕೆ ಕಾಲು ಸುತ್ತು ಹೊರಳಿಸಿ, ಮತ್ತೆ ಬಿಗಿದರು. ನೆತ್ತಿ ಬೋಳಾಯಿತು. ಹೂವು ನಿಂತಿತು. ಕಾಯಿ ಒಡೆಯಿತು. ದುರ್ಬೀನಿನ ಒಳಗಿನ ಗುರುತು ಬರೀ ಒಂದು ಅಡ್ಡಗೆರೆ, ಒಂದು ಉದ್ದಗೆರೆ; ಕಾಲು ಸುತ್ತು ಹೊರಳಿದರೂ ನೋಡುವವರ ಕಣ್ಣಿಗೆ ಅದು ಹಾಗೆಯೇ ಕಂಡಿತು. ಬೋಣಿಗೆ ಆಗುವ ತನಕ ಇನ್ನು ಅದನ್ನು ಬಿಚ್ಚುವಂತಿಲ್ಲ!

ಮರುದಿನ ಸಂಜೆಯಿಂದ ಮನೆಯ ಹಿಂದಿನ ಗೋದಾಮಿನ ಅಂಗಳದಲ್ಲಿ ಮಹಾಯುದ್ಧ ಶುರುವಾಯಿತು. ಗುರಿಯ ಕಾಗದ ಕೊಳ್ಳುವುದು ಬಜೆಟ್ಟಿಗೆ ಹೊರಗು. ಸಾಹುಕಾರರ ಕಣ್ಣು ಅಡುಗೆಮನೆಯ ಬುಟ್ಟಿಯ ಮೇಲೆ ಬಿತ್ತು. ಅದರಲ್ಲಿದ್ದವು ಕಡಕ್ ರೊಟ್ಟಿಗಳು: ತೆಳ್ಳಗೆ ಬಡಿದು, ಬೇಯಿಸಿ, ಹಪ್ಪಳದಂತೆ ಒಣಗಿಸಿದ ಗುಂಡನೆಯ ಜೋಳದ ರೊಟ್ಟಿಗಳು.

"ಏ, ಇವು ಗುರಿಗೆ ಭಾರಿ ಛಲೋ ಅವ! ಗುಂಡು ಬಿದ್ದಲ್ಲಿ ಕರೆಕ್ಟ್ ತೂತು ಬೀಳತದ. ನಾಳಿಯಿಂದ ಇಪ್ಪತ್ತು ಹೆಚ್ಚಿಗಿ ಬಡಿ. ನಟ್ಟನಡುವ ಸ್ವಲ್ಪ ಹೊತ್ತಸು, ಕರಿ ಚುಕ್ಕಿ ಕಾಣಬೇಕು."

ಈಗ ತಿಳಿಯಿತೇ ದುರ್ಬೀನಿಗೆ ಜೋಳ ಏಕೆಂದು? ಅವಳು ಕತ್ತಲಲ್ಲಿ ಬೀಸಿ, ಹೊಗೆಯಲ್ಲಿ ಬಡಿದು, ನಡುವೆ ಹದವಾಗಿ ಕರಕು ಮಾಡಿಕೊಡಬೇಕು. ಅವರು ಅದಕ್ಕೆ ಗುಂಡು ಹೊಡೆಯಬೇಕು! ಇಷ್ಟಕ್ಕೇ ಮುಗಿಯಲಿಲ್ಲ. ಗುಂಡು ಎಲ್ಲಿ ಬಿತ್ತೆಂದು ನೋಡಿ ಹೇಳುವ ಕೆಲಸವೂ ಅವಳದೇ. ಗುಂಡು ಹಾರುವಾಗ ಗೋಡೆಯ ಮರೆಯಲ್ಲಿ ನಿಲ್ಲಬೇಕು. "ಹೂಂ!" ಎಂದ ಕೂಡಲೇ ರೊಟ್ಟಿಯ ಬಳಿ ಓಡಿ, ಅಲ್ಲಿಂದ ಕೂಗಿ ಹೇಳಿ, ಮತ್ತೆ ಮರೆಗೆ ಓಡಬೇಕು. ಒಲೆಯ ಮೇಲೆ ಬೇಳೆ ಉಕ್ಕಿದರೆ ಅದಕ್ಕೂ ಓಡಬೇಕು.

"ಎಲ್ಲಿ ಬಿತ್ತು?"

"ಬಲಕ್ಕ, ನಾಕ ಬೊಟ್ಟು!"

ಸಾಹುಕಾರರು ಎಡ-ಬಲದ ತಿರುಗಣೆಯನ್ನು ಎಡಕ್ಕೆ ತಿರುವುವರು. ಮುಂದಿನ ಗುಂಡು ಎಡಕ್ಕೆ ಸರಿಯದೆ ಮೇಲೆ ಹೋಗುವುದು. ಕೆಳಗೆ ಬಿತ್ತೆಂದರೆ ಮೇಲಿನದಕ್ಕೆಂದು ತಿರುವುವರು. ಗುಂಡು ಬಲಕ್ಕೆ ಜಿಗಿಯುವುದು. ಮೂರನೆಯ ಸಂಜೆ ಒಂದು ಗುಂಡು ಹಿಂದಿನ ಕಟ್ಟೆಯ ಮೇಲಿದ್ದ ಉಪ್ಪಿನಕಾಯಿಯ ಭರಣಿಗೆ ಬಡಿದು, ಅವಳ ಇಡೀ ವರ್ಷದ ಮಾವು ಅಂಗಳದಲ್ಲಿ ಹರಿಯಿತು.

"ಭರಣಿ ಅಲ್ಲ್ಯಾಕ ಇಟ್ಟಿದ್ದಿ?" ಎಂದು ಗರ್ಜಿಸಿದರು ಸಾಹುಕಾರರು.

"ಐದು ವರ್ಷದಿಂದ ಅಲ್ಲೇ ಅದ. ದುರ್ಬೀನ್ ಈಗ ಬಂದದ!"

"ನೀ ಎಡಾ ಬಲಾ ತಪ್ಪ ಹೇಳಾಕತ್ತಿ. ಅದಕ್ಕs ಹಿಂಗ ಆಗೂದು."

ನೀಲಗಂಗಾಗೆ ಮೈಯೆಲ್ಲ ಉರಿಯಿತು. ಹೊಲಿಗೆ ಯಂತ್ರದ ತಿರುಗಣೆ, ಸ್ಟೋವಿನ ತಿರುಗಣೆ, ಎಲ್ಲವನ್ನೂ ದುರಸ್ತಿ ಮಾಡಿಕೊಂಡು ಬಂದವಳು ಅವಳು. ಮರುದಿನ ಬೆಳಿಗ್ಗೆ ಕಸ ಗುಡಿಸುವಾಗ ಮೂಲೆಗೆ ಒರಗಿಸಿದ್ದ ಬಂದೂಕನ್ನು ಬಗ್ಗಿ ನೋಡಿದಳು. ದುರ್ಬೀನಿನ ಕೊಳವೆಗೆ ಕೊರೆದ, 'ಮೇಲೆ' ಎಂದು ತೋರಿಸುವ ಬಾಣ ಬಲಗೋಡೆಯ ಕಡೆ ಮುಖ ಮಾಡಿತ್ತು.

"ಏನ್ರಿ, ದುರ್ಬೀನ್ ಮಗ್ಗಲಾಗಿ ಕುಂತದ. ಪೂಜಾದಾಗ ನೀವು ಹೊರಳಿಸಿದ್ರಲ್ಲ? ಮತ್ತ ನೆಟ್ಟಗ ಮಾಡ್ರಿ."

"ಬೋಣಿಗಿ ಆಗೂದಕ್ಕಿಂತ ಮೊದಲ ಬಿಚ್ಚಬೇಕಾ? ಏನಾರ ತಿಳೀತದೇನ ನಿನಗ? ರೊಟ್ಟಿ ಬಡಿಯೂಕಿ ನನಗ ಬಂದೂಕು ಕಲಿಸಾಕ ಬಂದಾಳ! ಈ ದುರ್ಬೀನs ಖೋಟಾ ಅದ. ಇನ್ನ ನಾಕ ದಿವಸ ನೋಡತೀನಿ. ಆಗಲಿಲ್ಲಂದ್ರ ಆ ಸುಬೇದಾರರ ಜರ್ಮನ್ ಮಾಲ್ ತಗೋಳೂದು. ಕಾಟಕಸರ್ ಬರೂ ದಸರಾತನಕ ಎಳದರಾತು."

ಬರುವ ದಸರೆತನಕ! ಅವಳು ತನ್ನ ಅಂಗೈ ನೋಡಿಕೊಂಡಳು. ಬೀಸುವ ಗೂಟ ಹಿಡಿದಲ್ಲಿ ಬೊಬ್ಬೆ ಎದ್ದು, ಒಡೆದು, ಅದರ ಮೇಲೆ ಸೋಡಾ ನೀರು ಬಿದ್ದು, ಹಸಿ ಮಾಂಸ ಕಾಣುತ್ತಿತ್ತು. ಮೂರು ಓಣಿಯಾಚೆಯ ಮೆಣಸಿನಕಾಯಿಯ ತೊಟ್ಟು ಕಂಡ ಕಣ್ಣಿಗೆ, ತಾಟಿಗೆ ರೊಟ್ಟಿ ಹಾಕುವ ಈ ಕೈ ಮಾತ್ರ ಕಂಡಿರಲಿಲ್ಲ.

ಆ ಸಂಜೆ ಮೊದಲ ಗುಂಡು ಚುಕ್ಕಿಯಿಂದ ನಾಲ್ಕು ಬೊಟ್ಟು ಬಲಕ್ಕೆ, ಎರಡು ಬೊಟ್ಟು ಕೆಳಗೆ ಬಿತ್ತು.

"ಎಲ್ಲಿ ಬಿತ್ತು?"

ನೀಲಗಂಗಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಗುಂಡು ಎಡಕ್ಕೆ ಸರಿಯಬೇಕಾದರೆ ಇವರು ಕೆಳಗಿನದಕ್ಕೆಂದು ತಿರುವಬೇಕು. ಮೇಲೆ ಏರಬೇಕಾದರೆ ಎಡಕ್ಕೆಂದು ತಿರುವಬೇಕು. ನಿಜ ಹೇಳಿದರೆ ತಪ್ಪಾಗುವ ದುರ್ಬೀನಿಗೆ ಸುಳ್ಳೇ ಸರಿಯಾದ ಔಷಧ!

"ನಾಕ ಬೊಟ್ಟು ಮ್ಯಾಲ! ಎರಡ ಬೊಟ್ಟು ಬಲಕ್ಕ!" ಎಂದು ಕೂಗಿದಳು, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ.

ಸಾಹುಕಾರರು ತಿರುವಿದರು. ಎರಡನೆಯದು ಹತ್ತಿರ ಬಂತು. ಅವಳು ಮತ್ತೆ ಲೆಕ್ಕ ಹಾಕಿ ಮತ್ತೊಂದು ಸುಳ್ಳು ಕೂಗಿದಳು. ಆರನೆಯ ಗುಂಡು ಕರಕಿನ ನಟ್ಟನಡುವೆ ತೂತು ಕೊರೆಯಿತು!

"ಬಿತ್ತು! ನಡುವ ಬಿತ್ತು! ಯವ್ವಾ, ಬೋಣಿಗಿ ಆತು!" ಸಾತಲಿಂಗಪ್ಪನವರು ಅಂಗಳದಲ್ಲೇ ಕುಣಿದರು. ಕಸ್ತೂರಬಾಯಿ ಓಡಿಬಂದು ಬಂದೂಕಿಗೆ ದೃಷ್ಟಿ ತೆಗೆದರು. ಗುರಿ ಸರಿಮಾಡಿದವಳು ರೊಟ್ಟಿಯ ಚೂರುಗಳನ್ನು ಆಯುತ್ತಿದ್ದಳು.

"ಹಂಗಾದ್ರ ನಾಳಿ ಮುಕ್ತಾಬಾಯಿ—"

"ಸ್ಪರ್ಧಾ ಮುಗೀಲಿ ತಡಿ. ಈಗ ಕೈ ಹತ್ತೇದ. ಮನ್ಯಾಗಿನ ಏನೂ ಬದಲ ಮಾಡೂದು ಬ್ಯಾಡ. ದುರ್ಬೀನೂ ಬ್ಯಾಡ, ನೀನೂ ಬ್ಯಾಡ."

ವ್ಯಾಪಾರಸ್ಥನ ಮಾತು!

ಸ್ಪರ್ಧೆಯ ದಿನ ಗಂಡ ಹೆಂಡತಿ ಎಸ್.ಟಿ. ಬಸ್ಸಿನಲ್ಲಿ ಅಕ್ಕಲಕೋಟಕ್ಕೆ ಹೋದರು. ಗುರಿ ಹೊಡೆಯುವ ಕೈ ದಣಿಯಬಾರದೆಂದು ಬಂದೂಕು, ಬುತ್ತಿ, ನೀರಿನ ತಂಬಿಗೆ, ಮೂರನ್ನೂ ನೀಲಗಂಗಾ ಹೊತ್ತಳು. ಊರ ಹೊರಗಿನ ಬಯಲಿನಲ್ಲಿ ಮಂಟಪ, ಧ್ವನಿವರ್ಧಕದ ಕರ್ಣೆ, ಕುರ್ಚಿಗಳು. ಗುರಿಯ ಹಲಗೆ ಗೋದಾಮಿನ ಅಂಗಳದಲ್ಲಿದ್ದಷ್ಟೇ ದೂರ, ಮೂವತ್ತು ಹೆಜ್ಜೆ. ಸಾತಲಿಂಗಪ್ಪನವರ ಐದು ಗುಂಡುಗಳಲ್ಲಿ ನಾಲ್ಕು ನಡುವಿಗೇ ಬಿದ್ದವು! ಮಂಡಳದವರು ಎದ್ದು ನಿಂತು ಚಪ್ಪಾಳೆ ಹೊಡೆದರು. ಸಾಹುಕಾರರ ಎದೆ ಅಂಗಿಯ ಗುಂಡಿಗಳಿಗೆ ಭಾರವಾಯಿತು.

ಬೇವಿನ ಗಿಡದ ಕೆಳಗೆ ಕೂತಿದ್ದ ಹೆಂಡತಿಯ ಮಡಿಲಲ್ಲಿ ಬಂದೂಕು ಹಾಕಿ, ಬಹುಮಾನ ತೆಗೆದುಕೊಳ್ಳಲು ಹೊರಟ ಗಂಡನನ್ನು ಅವಳು ತಡೆದು ಕೇಳಿದಳು: "ಸ್ಪರ್ಧಾ ಮುಗೀತು. ನಾಳಿಯಿಂದ ಮುಕ್ತಾಬಾಯಿಗೆ ಬಾ ಅಂತ ಹೇಳಲೇನ್ರಿ?"

"ಯಾಕ? ಸಂಕ್ರಾಂತಿಗೆ ಪುಣೆದಾಗ ದೊಡ್ಡ ಸ್ಪರ್ಧಾ ಅದ. ಅದಕ್ಕ ಜರ್ಮನ್ ದುರ್ಬೀನs ಬೇಕು. ಕಾಟಕಸರ್ ಹಿಂಗs ನಡೀಲಿ." ಆಮೇಲೆ ಬಹಳ ಪ್ರೀತಿಯಿಂದ ಬಗ್ಗಿ ಸೇರಿಸಿದರು: "ಈಗ ನಿನಗೂ ರೂಢಿ ಆಗೇದ. ಖರೇ ಹೇಳಬೇಕಂದ್ರ, ಮುಕ್ತಾಬಾಯಿಕಿಂತ ನೀನs ಚಂದ ತಿಕ್ಕತಿ."

ಬೈದಿದ್ದರೆ ಅವಳು ಇನ್ನೊಂದು ತಿಂಗಳು ಸಹಿಸುತ್ತಿದ್ದಳೋ ಏನೋ. ಹೊಗಳಿದರು!

ಅವರು ಮಂಟಪದ ಕಡೆ ಹೋದರು. ಅವಳು ಕೂತೇ ಇದ್ದಳು, ಕೆಂಡದ ಮೇಲೆ ಕೂತಂತೆ. ಆಗ ಹಳದಿ ರುಮಾಲಿನ ಒಬ್ಬರು ಹತ್ತಿರ ಬಂದು ನಿಂತರು. ವಾಗದರಿ ಊರಿನ ರೈತರು, ಹೆಸರು ಅಮೋಗಸಿದ್ಧ. ಇವತ್ತಿನ ಸ್ಪರ್ಧೆಯಲ್ಲಿ ಕೊನೆಯ ಸ್ಥಾನ ಅವರದೇ.

"ಅಕ್ಕಾರ, ಈ ದುರ್ಬೀನ್ ಎಲ್ಲಿ ಸಿಗತಾವ್ರಿ? ನಾನೂ ಒಂದು ಹುಡುಕಾಕತ್ತೀನಿ. ಮುಂಬೈದ್ದು ನಮ್ಮಂಥವರಿಗೆ ನಿಲುಕಂಗಿಲ್ಲ."

ನೀಲಗಂಗಾ ದುರ್ಬೀನನ್ನು ನೋಡಿದಳು. ಅವರನ್ನು ನೋಡಿದಳು.

"ಇದನ್ನs ತಗೋರಿ."

"ಹಾಂ? ಮಾರೂದದ ಏನ್ರಿ?"

"ಅದ." ಅವಳು ಒಂದು ಬೆಲೆ ಹೇಳಿದಳು. ಮುಕ್ತಾಬಾಯಿಯ ಒಂದು ವರ್ಷದ ಪಗಾರ, ಹಿಟ್ಟಿನ ಗಿರಣಿಯ ಖರ್ಚು, ಎರಡಕ್ಕೂ ಸಾಕಾಗುವ ಬೆಲೆ. "ಆದರ ಒಂದು ಮಾತು ಕೇಳ್ರಿ. ಗಾಜಿನಾಗ ಒಂದು ಗೀರು ಅದ. ಮತ್ತ ಕೂಡಿಸೂವಾಗ ಈ ಬಾಣದ ಗುರುತು ಆಕಾಶದ ಕಡೆ ಇರಬೇಕು. ಹಿಂಗ ಮಗ್ಗಲಾಗಿ ಅಲ್ಲ."

"ಆಕಾಶದ ಕಡೆ. ಆತ್ರಿ," ಎಂದರು ಅಮೋಗಸಿದ್ಧ, ತಲೆಯಾಡಿಸಿ. ಇಷ್ಟು ದಿನಗಳಲ್ಲಿ ದುರ್ಬೀನಿನ ವಿಷಯದಲ್ಲಿ ಅವಳ ಮಾತು ಕೇಳಿದ ಮೊದಲ ಗಂಡಸು! ಅವರು ಒಳಕಿಸೆಯಿಂದ ನೋಟು ತೆಗೆದು ಎಣಿಸಿ ಕೊಟ್ಟರು. ಅವಳು ಸೆರಗಿನ ತುದಿಗೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿ, ಹಿಡಿಕೆಯ ಮೊದಲ ತಿರುಪಿನ ಸೀಳಿಗೆ ಹತ್ತು ಪೈಸೆಯ ನಾಣ್ಯ ತೂರಿಸಿದಳು. ಅದು ಸಡಿಲವಾಯಿತು.

ಅಷ್ಟರಲ್ಲಿ ಕರ್ಣೆ ಗರಗರ ಎಂದಿತು: "ಸೊಲ್ಲಾಪುರದ ಶ್ರೀಯುತ ಸಾತಲಿಂಗಪ್ಪ ಸಾವ್ಕಾರರು ಈಗ ತಮ್ಮ ಬಂದೂಕಿನ ಸಮೇತ ಫೋಟೋ ತೆಗೆಸಿಕೊಳ್ಳುವರು! ದಯಮಾಡಿ ಬಂದೂಕನ್ನು ವೇದಿಕೆಗೆ ತರಬೇಕು!"

ಅಮೋಗಸಿದ್ಧರ ಮುಖ ಇಳಿಯಿತು. "ಅಕ್ಕಾರ, ಬಿಡ್ರಿ. ರೊಕ್ಕ ಹೊಳ್ಳಿ ಕೊಡ್ರಿ. ಸಾವ್ಕಾರ್ರನ್ನ ಒಂದು ಮಾತು ಕೇಳಿಲ್ಲಲ್ಲ ನಾವು. ಅವರ ಮಾಲು."

"ಅವರು ಒಂದು ಪೈಸಾನೂ ಕೊಟ್ಟಿಲ್ಲರಿ. ಇದಕ್ಕ ಕೊಟ್ಟಾಕಿ ನಾನು."

ಒಂದು ತಿರುಪು ಸಡಿಲವಾಗಿತ್ತು, ಇನ್ನೊಂದು ಬಿಗಿಯಾಗಿತ್ತು. ಬಿಚ್ಚಿದ್ದನ್ನು ಮತ್ತೆ ಬಿಗಿಯಲು ಈಗಲೂ ಹೊತ್ತಿತ್ತು. ಕರ್ಣೆ ಮತ್ತೆ ಕೂಗಿತು. ನೀಲಗಂಗಾ ನಾಣ್ಯವನ್ನು ಎರಡನೆಯ ತಿರುಪಿಗೆ ಹಾಕಿ, ಒಡೆದ ಅಂಗೈಯ ಬಲವನ್ನೆಲ್ಲ ಬಿಟ್ಟು ತಿರುವಿದಳು.

ದೂರದ ವೇದಿಕೆಯ ಮೇಲೆ, ಕೊರಳಲ್ಲಿ ಹಾರ ಹಾಕಿಕೊಂಡ ಸಾತಲಿಂಗಪ್ಪನವರು ಫೋಟೋಗಾಗಿ ಆಗಲೇ ಒಂದು ಕಣ್ಣು ಮುಚ್ಚಿಕೊಂಡು ನಿಂತಿದ್ದರು.