ಔನ್, ಔಟ್ ಮತ್ತು ನನ್ನ ಮಧ್ಯಾಹ್ನದ ನಿದ್ದೆ

ಊಟವಾದ ಮೇಲೆ ಮಲಗುವವರು, ಮಲಗದವರು ಎಂದು ಮನುಷ್ಯರಲ್ಲಿ ಇರುವುದು ಎರಡೇ ಜಾತಿ ಎಂದು ನಾನು ಬಹಳ ಹಿಂದೆಯೇ ತೀರ್ಮಾನಿಸಿದ್ದೇನೆ. ಎರಡನೆಯವರ ಮೇಲೆ ನನಗೆ ದ್ವೇಷವಿಲ್ಲ, ಕನಿಕರವಿದೆ. ಮೊದಲನೆಯ ಜಾತಿಯವನಾದ ನನ್ನನ್ನು ಆದೋನಿಯ ನಮ್ಮ ಕಾಲೇಜಿನಲ್ಲಿ ಟೆನಿಸ್ ಮೇಷ್ಟ್ರನ್ನಾಗಿ ಮಾಡಿದರು ನೋಡಿ, ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ನಾನು ಕಲಿಸುವುದು ಇತಿಹಾಸ. ಕಾಲಿನ ಆಣಿಗೆ ಕ್ಯಾನ್ವಾಸ್ ಬೂಟು ಒಳ್ಳೆಯದೆಂದು ಡಾಕ್ಟರು ಹೇಳಿದ್ದರಿಂದ ಅದನ್ನು ಹಾಕಿಕೊಂಡು ಹೋಗಿದ್ದೆ. ಪ್ರಿನ್ಸಿಪಾಲರು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು. “ವಿಶ್ವವಿದ್ಯಾಲಯದ ಪಂದ್ಯಕ್ಕೆ ಹುಡುಗರದೊಂದು, ಹುಡುಗಿಯರದೊಂದು ತಂಡ ಹೋಗಬೇಕು. ನೀವೇ ತಯಾರು ಮಾಡಿ” ಎಂದುಬಿಟ್ಟರು.

ತಂಡ ಎರಡು, ಅಂಕಣ ಒಂದು. ಹುಡುಗರೂ ಹುಡುಗಿಯರೂ ಒಂದೇ ಹೊತ್ತಿಗೆ ಅಭ್ಯಾಸ ಮಾಡಕೂಡದೆಂಬುದು ಪ್ರಿನ್ಸಿಪಾಲರ ಕಟ್ಟಪ್ಪಣೆ. ಹೀಗಾಗಿ ಸಂಜೆಯ ತಂಪು ಹೊತ್ತು ಹುಡುಗರ ಪಾಲಾಯಿತು; ಹುಡುಗಿಯರಿಗೆ ಮಧ್ಯಾಹ್ನ ಎರಡು ಗಂಟೆ. ಆಗ ಯಾರೂ ನೋಡುವವರಿರುವುದಿಲ್ಲ ಎಂಬುದು ಪ್ರಿನ್ಸಿಪಾಲರ ವಾದ. ನಿಜವೇ. ಆದೋನಿಯ ಬಿಸಿಲಿನಲ್ಲಿ ಆ ಹೊತ್ತಿಗೆ ಕಾಗೆ ಕೂಡ ಹೊರಗೆ ಬರುವುದಿಲ್ಲ. ಆದರೆ ಮೇಷ್ಟ್ರು ಬರಬೇಕಲ್ಲ!

ಹುಡುಗಿಯರ ತಂಡವೆಂದರೆ ಇಬ್ಬರು. ಅವರಲ್ಲಿ ಕೌತಾಳಂನ ಗಿರಿಜಾ ನಿಜವಾಗಿಯೂ ಆಡಬಲ್ಲವಳು. ಆದೋನಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಳೆಂದರೆ ಎದುರಿನವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅಂಥವಳು ಒಂದು ಮಧ್ಯಾಹ್ನ ತಲೆಸುತ್ತಿ ಕೂತುಬಿಟ್ಟಳು. ಮರುದಿನ ಬಂದು, “ಸರ್, ಇನ್ನೊಂದು ಸಲ ಹಿಂಗಾದ್ರ ಬ್ಯಾಟ್ ಅಟ್ಟಕ್ಕ ಹಾಕ್ತೀನಿ ಅಂದಾಳ್ರಿ ನಮ್ಮತ್ತಿ. ಸಂಜಿ ಹೊತ್ತು ನಮಗ ಕೊಡಸ್ರಿ” ಎಂದಳು. ಕಣ್ಣಲ್ಲಿ ನೀರಿತ್ತು. ನನ್ನ ಕರುಳು ಚುರುಕ್ಕೆಂದಿತು. ಹುಡುಗರು ಬೆಳಿಗ್ಗೆ ಆಡಿಕೊಂಡರೆ ನನ್ನ ನಿದ್ದೆಯೂ ಉಳಿಯುತ್ತದೆಂದು ಹೊಳೆಯಿತು. ಕರುಳು ಮೊದಲೋ ನಿದ್ದೆ ಮೊದಲೋ ಎಂದು ಮಾತ್ರ ದಯವಿಟ್ಟು ಕೇಳಬೇಡಿ.

ಹುಡುಗರ ನಾಯಕ ಬಸವರಾಜ ಜಗ್ಗಲಿಲ್ಲ. “ಆಕಿ ನನ್ನ ಸೋಲಿಸಿ ತಗೊಳ್ಳಲಿ ರೀ ಸರ್” ಎಂದ. ನನ್ನ ಕಾಟ ತಾಳಲಾರದೆ ಪ್ರಿನ್ಸಿಪಾಲರು, ಇಬ್ಬರು ಹಿರಿಯರು ಎದುರಿಗಿರಬೇಕೆಂಬ ಷರತ್ತಿನ ಮೇಲೆ ಅದೊಂದು ಆಟಕ್ಕೆ ಒಪ್ಪಿದರು. ಮೇಜಿನ ಮೇಲೆ ಕುರ್ಚಿ ಹಾಕಿಸಿಕೊಂಡು ನಾನು ಅಂಪೈರಾದೆ. ಗೆರೆ ಕಾಯಲು ತೆಲುಗು ಮೇಷ್ಟ್ರು ಸುಬ್ಬಯ್ಯನವರು ನಿಂತರು. ನಮ್ಮ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿ ಇನ್ನೂ ಬಹಳ ದಿನವಾಗಿರಲಿಲ್ಲ. ಆದರೆ ನಮ್ಮ ನಾಲಿಗೆಗಳು ಯಾವ ಸರ್ಕಾರವನ್ನೂ ಕೇಳದೆ ಮೊದಲಿನಿಂದಲೂ ಎರಡು ಕಡೆ ಸಂಸಾರ ಮಾಡಿಕೊಂಡೇ ಇದ್ದವು. ನಂದವರಂನ ಸುಬ್ಬಯ್ಯನವರಂತೂ ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುವವರು.

ಆಟ ಜಿದ್ದಾಜಿದ್ದಿಯಾಗಿ ನಡೆಯಿತು. ಇನ್ನೊಂದೇ ಪಾಯಿಂಟು ಬಂದರೆ ಗಿರಿಜಾ ಗೆದ್ದಂತೆ. ಬಸವರಾಜ ಜೋರಾಗಿ ಬಾರಿಸಿದ ಚೆಂಡು ಗೆರೆಯ ಹತ್ತಿರ ಬಿದ್ದು ಧೂಳೆದ್ದಿತು. ನನಗೆ ಏನೂ ಕಾಣಲಿಲ್ಲ. “ಸುಬ್ಬಯ್ಯನವ್ರೇ, ಒಳಗ ಬಿತ್ತೇನ್ರಿ?” ಎಂದು ಕೂಗಿದೆ. ಅವರೂ ಕೂಗಿದರು. ನಾನು ಎದ್ದುನಿಂತು, “ಔಟ್! ಗಿರಿಜಾ ಗೆದ್ದಳು!” ಎಂದು ಸಾರಿದೆ.

ಸುಬ್ಬಯ್ಯನವರು ಓಡಿಬಂದರು. “ಔಟ್ ಅಂದ್ನೇನ್ರಿ ನಾನು? ಒಳಗ ಬಿತ್ತೇನು ಅಂದ್ರಿ, ಔನ್ ಅಂದೆ! ಔನಂಟೆ ಹೌದು ಅಂತ ಗೊತ್ತಿಲ್ಲೇನ್ರಿ ನಿಮಗ?”

ಗೊತ್ತಿಲ್ಲದೆ ಏನು? ಹುಟ್ಟಿದಾಗಿನಿಂದ ಕೇಳಿದ ತೆಲುಗು ಮಾತು. ಹುಡುಗರು ಗದ್ದಲವೆಬ್ಬಿಸಿದರು. ನಾನು ಪೆಚ್ಚಾಗಿ ಮೇಜಿನ ಮೇಲೆಯೇ ನಿಂತಿದ್ದೆ. ಆಗ ಗಿರಿಜಾ ಬಲೆಯ ಹತ್ತಿರ ಬಂದಳು. “ಸರ್, ಚೆಂಡು ಒಳಗ ಬಿದ್ದೈತ್ರಿ. ನಾನ ನೋಡೀನಿ” ಎಂದಳು. ಆಟ ಮುಂದುವರಿಯಿತು, ಆಕೆ ಸೋತಳು. ಬ್ಯಾಟನ್ನು ಎದೆಗವಚಿಕೊಂಡು ಆ ಹುಡುಗಿ ತಲೆ ತಗ್ಗಿಸಿ ಹೋದದ್ದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಮನೆಯಲ್ಲಿ ಹೇಳಿಕೊಂಡರೆ ನನ್ನ ಹೆಂಡತಿ, “ನಿಮ್ಮ ಕಿವಿ ಕೆಟ್ಟಿಲ್ಲ ಬಿಡ್ರಿ. ನಿದ್ದಿಗೆ ಬೇಕಾಗಿದ್ದು ಅದಕ್ಕ ಕೇಳೈತಿ” ಎಂದಳು.

ಮರುದಿನ ಎರಡು ಗಂಟೆಗೆ ಮೈದಾನಕ್ಕೆ ಹೋದರೆ ಹುಡುಗಿಯರಿಲ್ಲ. ಬಸವರಾಜ ತನ್ನ ಪಟಾಲಮ್ಮಿನೊಂದಿಗೆ ಬಲೆ ಕಟ್ಟುತ್ತಿದ್ದಾನೆ.

“ಸಂಜಿಗಿ ಆಕಿ ಆಡ್ಲಿ ರೀ ಸರ್. ಗೆದ್ದ ಆಟಾನ ಬಾಯಿಬಿಟ್ಟು ಹೇಳಿ ಬಿಟ್ಟುಕೊಟ್ಟಾಳ. ಇನ್ನ ಆ ಹೊತ್ನ್ಯಾಗ ನಾವು ಆಡಿದ್ರ ಮಾರಿ ಎಲ್ಲಿ ಇಟ್ಕೊಳ್ಳೂಣ್ರಿ?”

ಅವನ ಬೆನ್ನು ತಟ್ಟಿದೆ. ಆಮೇಲೆ ಮೆಲ್ಲಗೆ, “ನೀವು ಬೆಳಿಗ್ಗಿ ಆಡಬಹುದಲ್ಲಪ್ಪಾ?” ಎಂದೆ.

“ಬೆಳಿಗ್ಗಿ ಎಲ್ಲಾರೂ ಹಳ್ಳಿಯಿಂದ ಬಸ್ಸಿಗೆ ಬರೋರು ರೀ ಸರ್. ನಮಗ ಎರಡು ಗಂಟೆನ ಆಗಲಿ. ನೀವು ಹೆಂಗೂ ಇರ್ತೀರಲ್ಲ!”

ಮರುದಿನ ಊಟ ಮುಗಿಸಿ ಕ್ಯಾನ್ವಾಸ್ ಬೂಟಿನ ಲಾಡಿ ಕಟ್ಟುತ್ತಿದ್ದೆ. ಹೆಂಡತಿ ಬಾಗಿಲಲ್ಲಿ ನಿಂತು, “ಇವತ್ತೂ ಬಿಸಿಲಿಗೆ ಹೊಂಟ್ರೇನ್ರಿ?” ಎಂದಳು.

“ಔನ್” ಎಂದೆ.

ಆಕೆಗೆ ಸರಿಯಾಗಿಯೇ ಕೇಳಿಸಿತು. ಒಳಗೆ ಹೋಗಿ ಛತ್ರಿ ತಂದುಕೊಟ್ಟು, ನನ್ನ ಹಾಸಿಗೆಯನ್ನು ಸುತ್ತಿಟ್ಟಳು.