ಕರೆಯುವುದು ನನ್ನ ಕೆಲಸ, ಬರುವುದು ಅವನ ಕೆಲಸ

ಜವಳಿ ಅಂಗಡಿ ಇಟ್ಟುಕೊಂಡವನು ನಗೆಪಾಟಲಿನ ಸಂಗತಿ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅವು ತಾವೇ ಬಂದು, ಚಪ್ಪಲಿ ಬಿಟ್ಟು, ಗಾದಿಯ ಮೇಲೆ ಕೂತು, ಚಹಾ ಕುಡಿದು ಹೋಗುತ್ತವೆ. ಹಾನಗಲ್ಲಿನ ಪೇಟೆಯಲ್ಲಿ ಮೂವತ್ತೆಂಟು ವರ್ಷ ಅರಿವೆ ಹರಿದು ಮಾರಿದ ನನಗೆ ಇದು ಗೊತ್ತಿದ್ದದ್ದೇ. ಆದರೆ ಹೋದ ವರ್ಷ ಮಾತ್ರ ಹೆಚ್ಚಿನವು ನನ್ನ ಮೇಲೇ ನಡೆದವು. ಅದಕ್ಕೆ ಕಾರಣ ನನ್ನ ಮಗಳು.

ಅವಳು ಮನಃಶಾಸ್ತ್ರ ಓದಿದವಳು. ಶಿಗ್ಗಾಂವಿಯ ಒಂದು ಕಾಲೇಜಿನಲ್ಲಿ ಹುಡುಗರಿಗೆ ಆಪ್ತಸಲಹೆ ಹೇಳುವ ಕೆಲಸ. ದಿನಾ ಬಸ್ಸಿಗೆ ಹೋಗಿ ಬರುತ್ತಾಳೆ. ನೂರು ವರ್ಷದ ಹಿಂದೆ ವಿಯೆನ್ನಾ ಎಂಬ ಊರಿನಲ್ಲಿದ್ದ ಒಬ್ಬ ಡಾಕ್ಟರನ ವಿಚಾರವೆಂದರೆ ಅವಳಿಗೆ ಪಂಚಪ್ರಾಣ. ನನಗೆ ತಿಳಿದಷ್ಟು ಆ ಡಾಕ್ಟರನ ವಿಚಾರ ಇಷ್ಟು: ಮನುಷ್ಯನ ತ್ರಾಸೆಲ್ಲ ಮನುಷ್ಯರಿಂದಲೇ. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಕೈ ಹಾಕುವುದರಿಂದ ಅರ್ಧ ತ್ರಾಸು, ಮಂದಿ ಏನಂದಾರು ಎಂಬ ಚಿಂತೆಯಿಂದ ಉಳಿದರ್ಧ. ಬಿಡುಗಡೆ ಬೇಕೆಂದರೆ ಮೊದಲು ಕೇಳಿಕೊಳ್ಳಬೇಕು, ಇದು ಯಾರ ಕೆಲಸ ಅಂತ.

ಹಿರೇಕೆರೂರಿನ ಒಬ್ಬ ಹೈಸ್ಕೂಲು ಮಾಸ್ತರನ ಜೊತೆ ಅವಳ ಮದುವೆ ನಿಕ್ಕಿಯಾದಾಗ ಅವಳು ನನ್ನಲ್ಲಿ ಕೇಳಿದ್ದು ಒಂದೇ. "ಅಪ್ಪ, ಬಂಗಾರ ನಿನ್ನ ಮನಸಿಗೆ ಬಂದಷ್ಟು ಹಾಕು. ಆದ್ರ ಕಾಕಾ ಇಲ್ಲದ ನನ್ನ ಮದುವಿ ಆಗೂದು ನನಗ ಚಂದ ಕಾಣಂಗಿಲ್ಲ."

ಕಾಕಾ ಎಂದರೆ ನನ್ನ ತಮ್ಮ. ಸವಣೂರಿನಲ್ಲಿ ಅವನದೂ ಜವಳಿ ಅಂಗಡಿ. ನಮ್ಮಿಬ್ಬರ ನಡುವೆ ಒಂಬತ್ತು ವರ್ಷದಿಂದ ಮಾತಿರಲಿಲ್ಲ.

ಕಾರಣ ಆಯೇರಿ. ನಮ್ಮ ಕಡೆ ಮದುವೆಯಲ್ಲಿ ಬೀಗರು ಬಿಜ್ಜರಿಗೆಲ್ಲ ಅವರವರ ಮಾನಕ್ಕೆ ತಕ್ಕಂತೆ ಅರಿವೆ ಉಡುಗೊರೆ ಕೊಡುತ್ತಾರೆ, ಅದೂ ಹಂದರದಲ್ಲಿ ಹೆಸರು ಕೂಗಿ. ತಮ್ಮನ ಮಗನ ಮದುವೆಯಲ್ಲಿ ನನ್ನ ಹೆಸರು ಕೂಗಿದರು. ಕೈಗೆ ಬಂದ ಪ್ಯಾಂಟು-ಶರ್ಟಿನ ತುಂಡು ನೋಡಿದರೆ ನನ್ನ ಅಂಗಡಿಯದೇ. ಮೂರು ತಿಂಗಳ ಹಿಂದೆ ನಾನೇ ಹರಿದು ತಮ್ಮನ ಮಾವನ ಮನೆಯವರಿಗೆ ಮಾರಿದ್ದು. ಅವರು ಅವನಿಗೆ ಕೊಟ್ಟಿದ್ದರು, ಅವನು ನನಗೆ ದಾಟಿಸಿದ್ದ. ಅಂಗಡಿ ತುಂಬ ಅರಿವೆ ಇಟ್ಟುಕೊಂಡವನು ಅಣ್ಣನಿಗೆ ಅಣ್ಣನ ಅರಿವೆಯನ್ನೇ ಆಯೇರಿ ಮಾಡಿದನಲ್ಲ ಎಂದು ನಾನು ಅದನ್ನು ತಟ್ಟೆಯಲ್ಲಿಟ್ಟು, ಉಣ್ಣದೆ ಎದ್ದು ಬಂದೆ. ಗಡಿಬಿಡಿಯಲ್ಲಿ ಗಂಟು ಅದಲುಬದಲಾಗಿತ್ತೋ ಏನೋ, ಕೇಳಿದ್ದರೆ ಒಂದು ನಿಮಿಷದ ಮಾತು. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

"ನಾ ಹೋಗಿ ಕರದು, ಅವ ಬರಲಿಲ್ಲಂದ್ರ?" ಎಂದೆ ಮಗಳಿಗೆ.

"ಕರಿಯೂದು ನಿನ್ನ ಕೆಲಸ. ಬರೂದು ಬಿಡೂದು ಕಾಕಾನ ಕೆಲಸ."

ಮಾತು ಸಣ್ಣದು. ನುಂಗಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳಲ್ಲಿ ಅದನ್ನು ತಮ್ಮನೊಬ್ಬನನ್ನು ಬಿಟ್ಟು ಉಳಿದವರೆಲ್ಲರ ಮೇಲೂ ಪ್ರಯೋಗ ಮಾಡಿದೆ.

ಉಡುವವರು ಯಾರು

ಅಬಲೂರಿನ ಕಡೆಯ ಒಂದು ದೊಡ್ಡ ಮನೆತನದವರು ಮದುವೆ ಜವಳಿಗೆ ಬಂದರು. ಹದಿನಾಲ್ಕು ಮಂದಿ, ತೆಗೆಯಬೇಕಾದದ್ದು ಮದುಮಗಳ ಒಂದು ಸೀರೆ. ಮದುಮಗಳು ಕಂಬಕ್ಕೆ ಆತು ಕೂತಿದ್ದಳು. ಮಾತೆಲ್ಲ ಉಳಿದ ಹದಿಮೂರು ಮಂದಿಯದು.

"ಅಚ್ಚ ಹಸರು ತೆಗೀರಿ" ಎಂದಳು ಅತ್ತಿಗೆ.

"ಹಸರು ಬ್ಯಾಡ. ಗೋವಿನಜೋಳದ ಹೊಲದಾಗ ನಿಂತ್ರ ಹುಡುಕಬೇಕಾಕ್ಕೈತಿ" ಎಂದ ಸೋದರಮಾವ.

ಕೆಂಪು ತೆಗೆದರೆ ಕಣ್ಣಿಗೆ ಹೊಡೆಯುತ್ತದೆ ಎಂದರು, ಹಳದಿ ತೆಗೆದರೆ ಅರಿಷಿಣದ ದಿನಕ್ಕಾಯಿತು ಎಂದರು. ಎರಡು ತಾಸಿನಲ್ಲಿ ಗಾದಿಯ ಮೇಲೆ ಎಪ್ಪತ್ತು ಸೀರೆ ಬಿದ್ದವು. ಮೊದಲಿನ ದಿನಗಳಲ್ಲಾದರೆ ನಾನು ಅತ್ಯಂತ ಜೋರಾಗಿ ಮಾತಾಡುವವರು ಯಾರೆಂದು ನೋಡಿ ಅವರಿಗೆ ಹೂಂಗುಟ್ಟಿ ಸೀರೆ ಕಟ್ಟಿಬಿಡುತ್ತಿದ್ದೆ. ಅವತ್ತು ಮಗಳ ಮಾತು ತಲೆಯಲ್ಲಿ ಹೊಸದಾಗಿತ್ತು. ಕೇಳಿಯೇಬಿಟ್ಟೆ.

"ಎಲ್ಲಾರೂ ಹೇಳಿದ್ರಿ. ಉಡೂರು ಯಾರ್ರಿ ಇದನ್ನ?"

ಹದಿಮೂರು ಮಂದಿಯೂ ಕಂಬದ ಕಡೆ ತಿರುಗಿದರು. ಕಂಬದ ಕಡೆಯಿಂದ ಮದುಮಗಳು ಬೆರಳು ತೋರಿಸಿದಳು. ಬೂದಿ ಬಣ್ಣ, ಸಣ್ಣ ಅಂಚು. ಅಷ್ಟೂ ಜನರಲ್ಲಿ ಯಾರೂ ಮುಟ್ಟಿ ನೋಡಿರದ ಸೀರೆ.

ಅತ್ತೆಯಾಗುವ ಹೆಂಗಸು ಅದನ್ನು ಬಹಳ ಹೊತ್ತು ನೋಡಿದಳು. ಈಗ ಜಗಳ ಏಳುತ್ತದೆ, ಗಿರಾಕಿ ಕೈತಪ್ಪಿತು ಎಂದುಕೊಂಡೆ. ಆಕೆ ಮೆಲ್ಲಗೆ ಅಂದಳು: "ಸಾವ್ಕಾರ್ರ, ನನ್ನ ಮದುವ್ಯಾಗ ನನಗ ಯಾರೂ ಕೇಳಲಿಲ್ರಿ. ಈಗ ನನ್ನೂ ಒಂದ ಸಲ ಕೇಳ್ರಿ."

ಕೇಳಿದೆ. ಆಕೆ ತನ್ನ ಸಲುವಾಗಿ ಮೂರು ಸೀರೆ ತೆಗೆದಳು. ಹೊರಡುವಾಗ ಆಕೆಯ ಗಂಡ ನನ್ನ ಕಿವಿಯ ಹತ್ತಿರ ಬಂದು, "ನಿಮ್ಮ ಅಂಗಡಿ ಅರಿವಿ ಚೊಲೊ ಅದಾವ್ರಿ, ಪ್ರಶ್ನೆ ಅಷ್ಟ ಚೊಲೊ ಇಲ್ಲ" ಎಂದ.

ಹೊಟ್ಟೆ

ಇದು ಯಾರ ಕೆಲಸ ಎಂಬ ಪ್ರಶ್ನೆಯಲ್ಲಿ ಒಂದು ತಗ್ಗು ಇದೆ ಎಂದು ಮಗಳು ಮೊದಲೇ ಹೇಳಿದ್ದಳು. ನನ್ನ ಕೆಲಸ ನಿನ್ನ ಕೆಲಸ ಎಂದು ಗೆರೆ ಎಳೆಯುವುದು ಒಬ್ಬರಿಗೊಬ್ಬರು ಮೈಮೇಲೆ ಬೀಳದೆ ಹತ್ತಿರ ಇರಲಿಕ್ಕೆ, ಕೈ ತೊಳೆದುಕೊಳ್ಳಲಿಕ್ಕಲ್ಲ. ಕೇಳಿದವರ ಜೊತೆ ಕೈ ಜೋಡಿಸಲೇಬೇಕು ಅಂತ. ಆದರೆ ವ್ಯಾಪಾರಸ್ಥನ ಕಿವಿಗೆ ತನಗೆ ಲಾಭವಿರುವ ಅರ್ಧ ಮಾತು ಮಾತ್ರ ಬೀಳುತ್ತದೆ.

"ನೀರಿನ ಟಾಕಿ ತುಂಬೇತಿ, ಮೋಟರ್ ಬಂದ್ ಮಾಡ್ರಿ" ಎಂದಳು ಹೆಂಡತಿ. ಅದು ನಿನ್ನ ಕೆಲಸ ಎಂದೆ. "ಹಂದರದವನಿಗೆ ಒಂದು ಫೋನ್ ಹಚ್ಚರಿ" ಎಂದಳು. ಅದೂ ನಿನ್ನ ಕೆಲಸ ಎಂದೆ. ಸಂಜೆ "ಈ ಚೀಲ ಒಳಗ ಇಡ್ರಿ" ಎಂದಳು. ಪತ್ರಿಕೆಯಿಂದ ತಲೆ ಎತ್ತದೆ ಅದನ್ನೇ ಅಂದೆ. ಅವಳು ತಾನೇ ಚೀಲ ಎತ್ತಿಕೊಂಡು ಒಳಗೆ ಹೋದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳು ಏನೂ ಅನ್ನದೆ ಇದ್ದದ್ದು ಅದೇ ಮೊದಲು, ನಾನು ಎಚ್ಚರಾಗಬೇಕಿತ್ತು.

ಮರುದಿನ ಮಧ್ಯಾಹ್ನ ಎರಡಾದರೂ ಅಂಗಡಿಗೆ ಬುತ್ತಿ ಬರಲಿಲ್ಲ. ಫೋನು ಹಚ್ಚಿದೆ.

"ಬುತ್ತಿ ಬರಲಿಲ್ಲಲ್ಲ. ಹೊಟ್ಟಿ ಹಸದು ಸಾಯಾಕತ್ತೇನಿ."

"ಯಾರ ಹೊಟ್ಟಿರಿ?" ಎಂದು ಕೇಳಿ ಫೋನು ಇಟ್ಟಳು.

ಉಪಕಾರ

ಕೆಳಗಿನವರನ್ನು ಬೈಯುವುದೂ ಒಂದೇ, ಮೇಲೆ ಕೂತು ಭೇಷ್ ಅನ್ನುವುದೂ ಒಂದೇ, ಎರಡರಲ್ಲೂ ನೀನೇ ಎತ್ತರದಲ್ಲಿರುತ್ತಿ ಎಂಬುದು ಮಗಳ ಇನ್ನೊಂದು ಪಾಠ. ಸಮನಾಗಿ ನಿಂತು, ಅವರ ಕೆಲಸದಿಂದ ನಿನಗೇನು ಅನುಕೂಲವಾಯಿತೋ ಅದನ್ನು ಹೇಳಬೇಕಂತೆ.

ನನ್ನ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಒಬ್ಬ ಗುಮಾಸ್ತ ಇದ್ದಾನೆ. ಅಷ್ಟು ವರ್ಷವೂ ನಾನು ಅವನಿಗೆ ಬೈದು ಗೊತ್ತೇ ಹೊರತು ಬೇರೆ ಮಾತು ಗೊತ್ತಿಲ್ಲ. ಒಂದು ಸಂಜೆ ಅವನು ಹರಡಿದ್ದ ಸೀರೆಗಳನ್ನೆಲ್ಲ ಮಡಚಿ ಇಟ್ಟ ಮೇಲೆ ಎದುರು ನಿಂತು ಹೇಳಿದೆ: "ನೀ ಇಷ್ಟು ವರ್ಷ ಈ ಅಂಗಡಿ ನೋಡ್ಕೊಂಡಿದ್ದಕ್ಕ ನನಗ ಭಾಳ ಅನುಕೂಲ ಆತು. ನಿನ್ನ ಉಪಕಾರ ನಾ ಮರಿಯಂಗಿಲ್ಲ."

ಅವನು ಹೂಂ ಎಂದು ಚೀಲ ತೆಗೆದುಕೊಂಡು ಹೋದ.

ಮರುದಿನ ಮುಂಜಾನೆ ಅಂಗಡಿ ಬಾಗಿಲಲ್ಲಿ ಅವನು, ಅವನ ಹೆಂಡತಿ, ಅವರ ಓಣಿಯ ಒಬ್ಬ ಹಿರಿಯರು ನಿಂತಿದ್ದರು. ಹಿರಿಯರೇ ಮಾತು ತೆಗೆದರು. "ಸಾವ್ಕಾರ್ರ, ಈ ವಯಸ್ಸಿನಾಗ ಕೆಲಸ ಬಿಡಿಸಿದ್ರ ಅವ ಎಲ್ಲಿ ಹೋಗಬೇಕ್ರಿ?"

"ಬಿಡಸ್ತೇನಿ ಅಂತ ಯಾರಂದ್ರು?" ಎಂದೆ.

ಗುಮಾಸ್ತ ಮುಂದೆ ಬಂದ. "ತಪ್ಪಾಗಿದ್ದರ ನಾಕು ಬೈದು ಬಿಡ್ರಿ ಧಣ್ಯಾರ. ಹಿಂಗ ಉಪಕಾರ ನೆನಸಬ್ಯಾಡ್ರಿ, ಮನ್ಯಾಗ ಯಾರೂ ಮಕ್ಕೊಂಡಿಲ್ಲ."

ಬಿಡಿಸಿ ಹೇಳಲು ಒಂದು ತಾಸು ಬೇಕಾಯಿತು. ಈಗ ಅವನಿಗೆ ರೂಢಿಯಾಗಿದೆ. ನಾನು ಏನಾದರೂ ಒಳ್ಳೆಯದು ಅನ್ನುವ ಮುಂಚೆ, "ಕೆಲಸ ಐತಲ್ರಿ?" ಎಂದು ಖಾತ್ರಿ ಮಾಡಿಕೊಂಡು ಆಮೇಲೆ ಕೇಳಿಸಿಕೊಳ್ಳುತ್ತಾನೆ.

ಸವಣೂರಿನ ಎಲೆ

ಹೀಗೆ ಊರೆಲ್ಲ ಮುಗಿಯಿತು. ಲಗ್ನಪತ್ರಿಕೆ ಅಚ್ಚಾಗಿ ಬಂದವು. ಉಳಿದದ್ದು ತಮ್ಮ.

"ಆಯೇರಿ ಆದಾಗಿನಿಂದ ಅವನ ಮುಖ ನೋಡಾಕ ಮನಸ ಬರವಲ್ದು" ಎಂದೆ ಮಗಳಿಗೆ.

"ಹಂಗಲ್ಲಪ್ಪ. ನೀ ಮೊದಲ, ಮಾತಾಡಬಾರದು ಅಂತ ಮನಸಿನಾಗ ಠರಾಯಿಸಿದಿ. ಅದಕ್ಕ ಕಾರಣ ಬೇಕಾಗಿತ್ತು, ಆಯೇರಿ ಕೈಗೆ ಸಿಕ್ಕಿತು. ಒಂಬತ್ತು ವರ್ಷದಿಂದ ಅದನ್ನ ಜ್ವಾಕಿ ಮಾಡಿ ಇಟ್ಕೊಂಡಿ. ಮಾತಾಡಬೇಕು ಅಂತ ಇವತ್ತ ಠರಾಯಿಸಿದ್ರ ಆ ಕಾರಣ ನಿನಗ ಬೇಕಾಗಂಗಿಲ್ಲ."

ನನಗೆ ಸಿಟ್ಟು ಬಂತು. ಈ ಸಿಟ್ಟು ಯಾವ ಉದ್ದೇಶಕ್ಕೆ ಬಂತು ಎಂದು ಕೇಳಿಯಾಳೆಂದು ಅದನ್ನೂ ನುಂಗಿಕೊಂಡೆ.

ಮರುದಿನ ಲಗ್ನಪತ್ರಿಕೆ ಹಿಡಿದು ಸವಣೂರಿಗೆ ಹೋದೆ. ತಮ್ಮನ ಅಂಗಡಿಯ ಎದುರಿನ ಹೋಟೆಲಿನಲ್ಲಿ ಕೂತು ನಾಲ್ಕು ಕಪ್ಪು ಚಹಾ ಕುಡಿದೆ. ಗಿರಾಕಿ ಇದ್ದಾರೆ ಎಂದು ಒಮ್ಮೆ ಸುಮ್ಮನಾದೆ, ಗಿರಾಕಿ ಇಲ್ಲ, ಒಬ್ಬನೇ ಇದ್ದಾನೆ ಎಂದು ಇನ್ನೊಮ್ಮೆ ಸುಮ್ಮನಾದೆ. ಕೊನೆಗೆ ನೂರು ಸವಣೂರ ವೀಳ್ಯದೆಲೆ ಕೊಂಡು ತಿರುಗಿ ಬಂದೆ.

ಎರಡನೆಯ ಸಲ ಬಸ್ಸು ಸವಣೂರು ಮುಟ್ಟಿದಾಗ ನಿದ್ದೆ ಹತ್ತಿದವನ ಹಾಗೆ ಕಣ್ಣು ಮುಚ್ಚಿ ಕೂತೆ. ಕಂಡಕ್ಟರು ಎಬ್ಬಿಸಲಿಲ್ಲ, ನಾನು ಏಳಲಿಲ್ಲ. ಮುಂದೆ ಯಲವಿಗಿಯಲ್ಲಿ ಇಳಿಸಿದರು. ಅಲ್ಲಿನ ರೇಲ್ವೆ ಸ್ಟೇಷನ್ನಿನ ಕಟ್ಟೆಯ ಮೇಲೆ ಕೂತು ಎರಡು ಗಾಡಿ ಹೋಗುವುದನ್ನು ನೋಡಿದೆ. ಅರವತ್ತೆರಡು ವರ್ಷದ ವ್ಯಾಪಾರಿ, ತಮ್ಮ ಬರುವುದಿಲ್ಲ ಅಂದುಬಿಟ್ಟಾನೆಂದು ಹೆದರಿ ಯಾರಿಗೂ ಬೇಡದ ಹೊತ್ತಿನಲ್ಲಿ ರೇಲ್ವೆ ನೋಡುತ್ತ ಕೂತಿದ್ದೆ. ಬರುವಾಗ ಸವಣೂರಲ್ಲಿ ಬಸ್ಸು ಬದಲಿಸಿದೆ. ಬರಿಗೈಯಲ್ಲಿ ಹೋಗುವುದೆಂತು ಎಂದು ಮತ್ತೆ ಎಲೆ ಕೊಂಡೆ.

ಹೆಂಡತಿ ಎಲೆಗೆ ನೀರು ಚಿಮುಕಿಸುತ್ತ, "ಮದುವಿಗೆ ಎಲಿ ಎಲ್ಲಾ ಬಂತು. ಇನ್ನ ಮೈದುನ ಒಬ್ಬ ಬಂದ್ರ ಮುಗೀತು" ಎಂದಳು.

ತಮ್ಮನ ಗಾದಿ

ಮೂರನೆಯ ಸಲ ಬಸ್ಸಿಳಿದು ಎಲ್ಲೂ ನಿಲ್ಲದೆ ನೇರ ಅವನ ಅಂಗಡಿಯ ಮೆಟ್ಟಿಲು ಹತ್ತಿದೆ. ತಮ್ಮ ಯಾರೋ ಗಂಡ ಹೆಂಡತಿಗೆ ಶರ್ಟಿನ ಅರಿವೆ ತೋರಿಸುತ್ತಿದ್ದ. ನನ್ನನ್ನು ನೋಡಿದ. ಕೈಯಲ್ಲಿದ್ದ ಅಳತೆಯ ಗಜಕಡ್ಡಿ ಅಲ್ಲೇ ನಿಂತಿತು.

"ಬರ್ರಿ ಸಾವ್ಕಾರ್ರ, ಕುಂದರ್ರಿ. ಏನ್ ತೋರಸಲಿ?" ಎಂದ, ಯಾವನೋ ಪರಊರಿನ ಗಿರಾಕಿಗೆ ಅಂದ ಹಾಗೆ.

ನನ್ನ ನಾಲಿಗೆಯೂ ಅಂಗಡಿಯ ನಾಲಿಗೆಯೇ. "ಶರ್ಟಿನ ಅರಿವಿ ತೋರಸು" ಎಂದುಬಿಟ್ಟೆ.

ಅರಿವೆಯ ಒಂದು ಥಾನು ಬಿಚ್ಚಿ ಚೆಲ್ಲಿದ. ನಾನು ಅಂಚನ್ನು ಎರಡು ಬೆರಳಲ್ಲಿ ತಿಕ್ಕಿದೆ. ತಿಕ್ಕಬಾರದಿತ್ತು, ಆದರೆ ಬೆರಳು ಕೇಳಬೇಕಲ್ಲ. "ಇದು ಪೂರಾ ಹತ್ತಿ ಅಲ್ಲ. ಒಂದು ಒಗತಕ್ಕ ಗೇಣು ಕುಗ್ಗತೈತಿ."

"ಹಾನಗಲ್ಲಾಗ ಮಾರೂದು ಮೊಳ ಕುಗ್ಗತೈತಿ ಅಂತ ಕೇಳೇನಿ."

"ನಾವು ಕುಗ್ಗತೈತಿ ಅಂತ ಹೇಳೇ ಕೊಡ್ತೇವಿ."

"ನಾವು ಅರ್ಧ ಮೀಟರ ಹೆಚ್ಚಿಗಿ ಒಯ್ಯರಿ ಅಂತೇವಿ. ವ್ಯಾಪಾರ ಅಂದ್ರ ಅದು."

ನಡುವೆ ಕೂತಿದ್ದ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಆಮ್ಯಾಲೆ ಬರ್ತೇವ್ರಿ" ಎಂದು ಮೆಟ್ಟಿಲಿಳಿದು ಹೋದರು. ಒಳಗೆ ಬರಲು ಕಾಲು ಎತ್ತಿದ್ದ ಇನ್ನೊಬ್ಬನೂ ಕಾಲು ಹಿಂದಕ್ಕೆ ತೆಗೆದುಕೊಂಡ. ಅಂಗಡಿಯಲ್ಲಿ ನಾವಿಬ್ಬರೇ ಉಳಿದೆವು.

"ಅವತ್ತ ನಾ ಉಣ್ಣದ ಎದ್ದು ಬರಬಾರದಿತ್ತು" ಎಂದೆ. ಥಾನಿನ ಕಡೆ ನೋಡುತ್ತಲೇ ಅಂದೆ.

ಅವನೂ ಥಾನು ಸುತ್ತುತ್ತಲೇ ಅಂದ: "ಗಂಟು ನಾ ನೋಡಿ ಕಟ್ಟಬೇಕಿತ್ತು. ಸಂಜಿಗೇ ಬಂದು ಹೇಳಬೇಕಂತ ಮಾಡಿದ್ದೆ. ನೀ ಬಾಗಿಲಾ ಹಾಕ್ಕೊಂಡ್ರ ಹೆಂಗ ಅಂತ ಹೆದರಿದೆ."

ಒಂಬತ್ತು ವರ್ಷ ಇಬ್ಬರೂ ಹೆದರಿದ್ದು ಒಂದಕ್ಕೇ. ನಾನು ಲಗ್ನಪತ್ರಿಕೆ ತೆಗೆದು ಗಾದಿಯ ಮೇಲಿಟ್ಟೆ. ಬಸ್ಸಿನಲ್ಲಿ ಇಪ್ಪತ್ತು ಸಲ ಬಾಯಿಪಾಠ ಮಾಡಿದ್ದನ್ನು ಹೇಳಿದೆ. "ಕರಿಯೂದು ನನ್ನ ಕೆಲಸ, ಕರದೇನಿ. ಬರೂದು ಬಿಡೂದು ನಿಂದು. ಬರದಿದ್ರೂ ನನಗ ಸಿಟ್ಟಿಲ್ಲ."

ಹೇಳಿ ಎದ್ದೆ. ಆಶ್ಚರ್ಯವೆಂದರೆ ಮೈ ನಿಜವಾಗಿಯೂ ಹಗುರಾಗಿತ್ತು. ಅವನು ಬರಲಿ ಬಿಡಲಿ, ನನ್ನ ಪಾಲಿನದು ಮುಗಿದಿತ್ತು. ಮೆಟ್ಟಿಲಿನ ತನಕ ಹೋಗಿರಬೇಕು, ಹಿಂದಿನಿಂದ ಕೂಗಿದ.

"ಅಣ್ಣ, ಇದನ್ನ ಬರಸಿದ್ದು ಯಾರು?"

"ಮಗಳು. ಪ್ರೆಸ್ಸಿಗೂ ಆಕೀನ ಕೊಟ್ಟಾಳ. ಯಾಕ?"

"ನೀ ಓದಿಯೇನು?"

"ಮುಹೂರ್ತ ನೋಡೇನಿ. ನನ್ನ ಹೆಸರು ನೋಡೇನಿ."

"ನಿನ್ನ ಹೆಸರಿನ ಮ್ಯಾಲ ಏನೈತಿ, ನೋಡು ಬಾ."

ಕನ್ನಡಕ ಹಾಕಿಕೊಂಡು ನೋಡಿದೆ. 'ತಮ್ಮ ಆಗಮನ ಬಯಸುವವರು' ಎಂದಿತ್ತು. ಅದರ ಕೆಳಗೆ ಮೊದಲನೆಯ ಹೆಸರು ತಮ್ಮನದು, ಅವನ ಹೆಂಡತಿಯದು. ನಾವು ಗಂಡ ಹೆಂಡತಿ ಎರಡನೆಯ ಸಾಲಿನಲ್ಲಿದ್ದೆವು.

ತಮ್ಮ ಗಾದಿಯಿಂದ ಇಳಿದ. ದೇವರ ಫೋಟೋದ ಮುಂದಿನ ಕುಂಕುಮ ತಂದು ಲಗ್ನಪತ್ರಿಕೆಯ ಮೂಲೆಗೆ ಹಚ್ಚಿದ. ಹೆಗಲ ಮೇಲಿನ ಟವೆಲ್ಲು ಸರಿ ಮಾಡಿಕೊಂಡು, ನಾನು ತಂದ ಪತ್ರಿಕೆಯನ್ನೇ ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದ.

"ಸಾವ್ಕಾರ್ರ, ನಮ್ಮ ಮನಿ ಮಗಳ ಮದುವಿ ಐತ್ರಿ. ತಾವು ಮನಿ ಮಂದೆಲ್ಲಾ ಕೂಡಿ ಬರಬೇಕು."

"ಬರ್ತೇನಿ" ಎಂದೆ.

"ಬಾಯಿಮಾತಿಗೆ ಬರ್ತೇನಿ ಅಂದ್ರ ನಡಿಯಂಗಿಲ್ಲ" ಎಂದ. "ಹಿಂದಿನ ದಿನಾನ ಬಂದು ನಿಲ್ಲಬೇಕು. ಊಟದ ಹೊತ್ತಿಗೆ ಬಂದು ಉಂಡು ಹೋಗೂದಾದ್ರ ಈಗ ಹೇಳಿಬಿಡು, ನಿನ್ನ ನಂಬಿ ನಾ ಮದುವಿ ಮಾಡಂಗಿಲ್ಲ."